ಕೊರಿಯಾ ಡಾನ್ಸಿಗೆ ಕಲಸಿದ ಕಪ್ಪು

ಕಪ್ಪು ಬಣ್ಣ ಕಲಸುವುದು ಸುಲಭ ಎಂದು ಹೊರಗಿನವರು ತಿಳಿದಿರುತ್ತಾರೆ. ಒಲೆಯ ಮಸಿ ಕೆರೆದು ಎಣ್ಣೆಯಲ್ಲಿ ಕಲಸಿ ಬಳಿದರಾಯಿತು ಅನ್ನುತ್ತಾರೆ. ಹಾಗೆ ಬಳಿದ ಮುಖ ದೀಪದ ಎದುರು ಬಂದರೆ ಬೋಗುಣಿಯ ತಳದಂತೆ ಕಾಣುತ್ತದೆ. ಕಣ್ಣು, ಹಲ್ಲು ಬಿಟ್ಟರೆ ಬೇರೇನೂ ಇಲ್ಲ. ಮೂಗು ಎಲ್ಲಿ ಮುಗಿಯಿತು, ಕೆನ್ನೆ ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ. ಮನುಷ್ಯರ ಕಪ್ಪಿನಲ್ಲಿ ಕೆಂಪಿದೆ, ಸ್ವಲ್ಪ ಹಳದಿಯೂ ಇದೆ. ಅದರ ಹದ ಕಂಡುಹಿಡಿಯಲು ನನಗೆ ಒಂದು ವಾರ ಹಿಡಿಯಿತು. ಆ ವಾರದಷ್ಟು ಮನಸ್ಸಿಟ್ಟು ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ಆ ಕೆಲಸಕ್ಕೆ ನಾಚಿಕೊಂಡಷ್ಟು ಬೇರೆ ಯಾವುದಕ್ಕೂ ನಾಚಿಕೊಂಡಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾಟಕದ ಕಂಪನಿಗಳು ಡೇರೆ ಕಿತ್ತ ಮೇಲೆ ನಾನು ಶಿಕಾರಿಪುರದ ಒಂದು ಆರ್ಕೆಸ್ಟ್ರಾದಲ್ಲಿ ಬಣ್ಣ ಹಚ್ಚುವ ಕೆಲಸ ಹಿಡಿದಿದ್ದೆ. ಎಲ್ಲರೂ ನನ್ನನ್ನು ಮೇಷ್ಟ್ರು ಅನ್ನುತ್ತಿದ್ದರು. ಶಾಲೆಯ ಮೆಟ್ಟಿಲನ್ನು ನಾನು ಹೆಚ್ಚು ಹತ್ತಿದವನಲ್ಲ. ಆರ್ಕೆಸ್ಟ್ರಾದ ಮಾಲೀಕರಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಕ್ಯಾಸೆಟ್ ಅಂಗಡಿ ಇತ್ತು. ಜವಳಿ ವ್ಯಾಪಾರದ ಮನೆತನ, ಹಣೆ ತುಂಬ ವಿಭೂತಿ, ಬಾಯಿ ತುಂಬ ಹಾಡು. ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದರೆ ಹಾಗೆ ಅನ್ನಿಸಲಿಕ್ಕಿಲ್ಲ.

ಒಂದು ಮಧ್ಯಾಹ್ನ ಅವರು ಹೇಳಿಕಳಿಸಿದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಟಿವಿ ಹಚ್ಚಿತ್ತು. ಕೀಬೋರ್ಡ್ ನುಡಿಸುವವನೂ ಅಲ್ಲಿ ಕೂತಿದ್ದ.

"ಬರ್ರಿ ಮೇಷ್ಟ್ರೆ, ಕೂತ್ಕಳ್ರಿ. ಡಿಶ್‌ನಾಗೆ ಬಂದಿದ್ದನ್ನ ಕೇಬಲ್‌ನವನು ರೆಕಾರ್ಡ್ ಮಾಡಿ ಕೊಟ್ಟಾನೆ. ನೋಡಿ ಗಾಬರಿ ಬೀಳ್ಬ್ಯಾಡ್ರಿ."

ತೆರೆಯ ಮೇಲೆ ಐದು ಹುಡುಗರು ಹಾರುತ್ತಿದ್ದರು. ಒಂದೊಂದು ಪ್ಯಾಂಟಿನಲ್ಲಿ ಇಬ್ಬಿಬ್ಬರು ಇಳಿಯಬಹುದಾಗಿತ್ತು. ಕೂದಲನ್ನು ಹಗ್ಗದ ಹಾಗೆ ಹೊಸೆದು ಇಳಿಬಿಟ್ಟಿದ್ದರು. ಹಾಡುತ್ತಿದ್ದರೋ ಬೈಯುತ್ತಿದ್ದರೋ ತಿಳಿಯದಷ್ಟು ಬಿರುಸಾಗಿ ಮಾತು ಉದುರುತ್ತಿತ್ತು. ಚೀನಾದವರು ಅಂದೆ ನಾನು. ಜಪಾನ್ ಅಂದ ಕೀಬೋರ್ಡಿನವನು. ಕೊರಿಯಾ ಎಂದು ಕೇಬಲ್‌ನವನು ಖಾತ್ರಿ ಮಾಡಿ ಹೇಳಿದ್ದನಂತೆ.

"ನೋಡ್ರಿ, ಇವ್ರು ಕರಿಯರಲ್ಲ, ಅಮೆರಿಕದವ್ರೂ ಅಲ್ಲ," ಅಂದರು ಮಾಲೀಕರು. "ಆದ್ರೂ ಅಲ್ಲಿನ ಕರಿ ಹುಡುಗರ ಹಾಡು, ಅವರದ್ದೇ ಕೂದ್ಲು, ಅವರದ್ದೇ ಕುಣಿತ. ಇವ್ರಿಗೆ ಬಂದಿದ್ದು ನಮಗ್ಯಾಕೆ ಬರಬಾರ್ದು? ಈ ಸಲ ರಾಜ್ಯೋತ್ಸವಕ್ಕೆ ನಮ್ಮದು ಕೊರಿಯಾ ಡಾನ್ಸ್."

"ಇವರು ಮುಖಕ್ಕೆ ಕಪ್ಪು ಬಳ್ಕೊಂಡಿಲ್ಲವಲ್ರೀ," ಅಂದೆ.

"ಅಲ್ಲಿನ ಜನಕ್ಕೆ ಕೂದ್ಲು ನೋಡಿದ್ರೆ ತಿಳೀತದೆ. ನಮ್ಮೂರಾಗೆ ಬರೀ ಕೂದ್ಲು ಬಿಟ್ಕೊಂಡು ಬಂದ್ರೆ ಜೋಗಿಗಳು ಬಂದ್ರು, ಅಕ್ಕಿ ತರ್ರಿ ಅಂತಾರೆ. ಮುಖಕ್ಕೆ ಕಪ್ಪು ಬೀಳ್ಬೇಕು ಮೇಷ್ಟ್ರೆ. ಅದು ನಿಮ್ಮ ಕೆಲಸ."

ನಾವೆಲ್ಲ ನಕ್ಕೆವು. ನನಗೆ ಆಗ ಕೆಡುಕೇನೂ ಕಾಣಲಿಲ್ಲ. ರಾಕ್ಷಸರಿಗೆ ಕೆಂಪು, ದೇವರಿಗೆ ನೀಲಿ, ಇವರಿಗೆ ಕಪ್ಪು, ಅಷ್ಟೇ ಎಂದುಕೊಂಡೆ.

ಹಾಡಿಗೆ ಕೀಬೋರ್ಡಿನವನೇ ಕನ್ನಡದ ಮಾತು ಜೋಡಿಸಿದ. ಅರ್ಥ ಹುಡುಕಬೇಡಿ ಎಂದು ಮೊದಲೇ ಕೈಮುಗಿದ. ಆದರೆ ತಾಳ ಕೂಡಿಬರಲಿಲ್ಲ. ಅವನ ಮೆಷಿನ್ನಿನ ಹೊಡೆತ ತಗಡು ಬಡಿದ ಹಾಗೆ ಕೇಳುತ್ತಿತ್ತು. ಕುಣಿಯುವ ಐದು ಹುಡುಗರಲ್ಲಿ ಒಬ್ಬ ಶಿರಾಳಕೊಪ್ಪದವನು. ಅಲ್ಲಿನ ಒಂದು ಮಿಲ್ಲಿನಲ್ಲಿ ಮೂಟೆ ಹೊರುವ ಸಿದ್ದಿಯೊಬ್ಬನಿದ್ದಾನೆ, ತನ್ನ ಜನರ ಡಮಾಮಿ ಎಂಬ ಚರ್ಮವಾದ್ಯ ಬಾರಿಸಿದರೆ ಕೂತವರ ಕಾಲು ನಿಲ್ಲುವುದಿಲ್ಲ ಎಂದು ಅವನು ಹೇಳಿದ. ಸಿದ್ದಿಗಳ ಪೂರ್ವಿಕರು ಎಂದೋ ಆಫ್ರಿಕಾದಿಂದ ಬಂದವರಾದ್ದರಿಂದ ಮಿಲ್ಲಿನಲ್ಲಿ ಅವನನ್ನು ಎಲ್ಲರೂ ಆಫ್ರಿಕಾ ಎಂದು ಕರೆಯುತ್ತಾರಂತೆ.

ಸಂತೆಯ ದಿನ ಮಾಲೀಕರೂ ನಾನೂ ಆ ಮಿಲ್ಲಿಗೆ ಹೋದೆವು. ಗುಮಾಸ್ತ ಕೂಗಿದ, "ಏ ಆಫ್ರಿಕಾ, ಬಾರೋ ಇಲ್ಲಿ!" ಬಂದವನಿಗೆ ಮೂವತ್ತೈದು ದಾಟಿರಬಹುದು. ಕುತ್ತಿಗೆಯ ಮೇಲಿನ ಜೋಳದ ಹೊಟ್ಟನ್ನು ಟವೆಲಿನಲ್ಲಿ ಒರೆಸಿಕೊಳ್ಳುತ್ತ ನಿಂತ.

"ಆಫ್ರಿಕಾದವನಾ ನೀನು?" ಅಂದರು ಮಾಲೀಕರು ತಮಾಷೆಗೆ.

"ಆಫ್ರಿಕಾ ನಾನು ನೋಡಿಲ್ಲ ಸಾವ್ಕಾರ್ರೆ. ಯಲ್ಲಾಪುರ ನೋಡಿದ್ದೇನೆ. ನಮ್ಮನೆ ಅಲ್ಲೇ."

ಅವನು ನಗದೆ ಹೇಳಿದ್ದರಿಂದ ನಮಗೆ ಇನ್ನಷ್ಟು ನಗು ಬಂತು. ವಿಷಯ ತಿಳಿಸಿದಾಗ ಅವನು ಕೂಡಲೇ ಒಪ್ಪಲಿಲ್ಲ. ಟವೆಲನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಕೇಳಿದ, "ಸೊರಬದಲ್ಲೂ ಉಂಟಾ ಕಾರ್ಯಕ್ರಮ?"

"ಉಂಟು. ಶಿಕಾರಿಪುರ, ಶಿರಾಳಕೊಪ್ಪ, ಕಡೇದು ಸೊರಬ."

"ಹಾಗಾದ್ರೆ ಬರ್ತೇನೆ. ಒಂದೇ ಮಾತು. ಸೊರಬದಲ್ಲಿ ನಿಮ್ಮ ಕುಣಿತಕ್ಕೆ ಮೊದ್ಲು ನಮ್ಮದೊಂದು ಪದ ನಾನೊಬ್ಬನೇ ಬಾರಿಸಿ ಹಾಡ್ಬೇಕು. ಇದು ಸಿದ್ದಿ ಜನರ ಡಮಾಮಿ, ಬಾರಿಸುವವ ಇಂಥವ ಅಂತ ಮೈಕಲ್ಲಿ ಹೇಳ್ಬೇಕು."

ಯಾಕೆ ಎಂದು ಕೇಳಿದ್ದಕ್ಕೆ ಅವನು ನೆಲ ನೋಡಿದ. "ಮಗಳು ಅಲ್ಲಿ ಹಾಸ್ಟೆಲಲ್ಲಿದ್ದಾಳೆ, ಆರನೇ ಕ್ಲಾಸು. ಊಟಕ್ಕೆ ಕೂತ್ರೆ ಪಕ್ಕದವ್ರು ತಟ್ಟೆ ಸರಿಸ್ಕೊಳ್ತಾರಂತೆ. ತಲೆಕೂದ್ಲು ಮುಟ್ಟಿ ಮುಟ್ಟಿ ನಗ್ತಾರಂತೆ. ಶಾಲೆ ಬೇಡ, ಟ್ರಂಕ್ ತಗೊಂಡು ಬಂದ್ಬಿಡ್ತೇನೆ ಅಂತಾಳೆ. ಅವರ ಶಾಲೆ ಬಯಲಲ್ಲೇ ಅಲ್ವಾ ನಿಮ್ಮ ಸ್ಟೇಜು? ಅಪ್ಪನ ಹೆಸರು ಕರೆದು, ನಾಕು ಜನ ಚಪ್ಪಾಳೆ ತಟ್ಟಿದ್ದು ಆ ಮಕ್ಳು ನೋಡಿದ್ರೆ ನಿಂತಾಳು. ನಮ್ಮ ಮನೇಲಿ ಆರನೇ ಕ್ಲಾಸು ಕಂಡವರು ಯಾರೂ ಇಲ್ಲ."

"ಇಷ್ಟೇ ತಾನೆ? ಸೊರಬ ಒಂದೇ ಯಾಕೆ, ಮೂರೂ ಊರಾಗೆ ಹೇಳಿಸ್ತೀನಿ ಬಾರೋ," ಅಂದರು ಮಾಲೀಕರು. ಆ ಗಳಿಗೆಯಲ್ಲಿ ಅವರು ಮನಸಾರೆ ಹೇಳಿದ್ದೇ ಎಂದು ಈಗಲೂ ನಂಬಿದ್ದೇನೆ.

ನಾನು ಕೆಲಸ ಶುರುಮಾಡಿದೆ. ಮೊದಲು ಕೂದಲು. ಪುಂಡಿ ನಾರನ್ನು ಬಟ್ಟೆಯ ಬಣ್ಣದಲ್ಲಿ ಕುದಿಸಿ, ಒದ್ದೆಯಿರುವಾಗಲೇ ಹೊಸೆದು, ನೆರಳಲ್ಲಿ ಒಣಗಿಸಿ, ಕರಿ ಬಟ್ಟೆಯ ಟೋಪಿಗೆ ಸಾಲುಸಾಲಾಗಿ ಹೊಲಿದೆ. ಒಣಗಿದ ಮೇಲೆ ನಾರು ಸೆಟೆದು ಪೊರಕೆಯಂತೆ ನಿಂತಿತು. ಮತ್ತೆ ಬಿಚ್ಚಿ ಹರಳೆಣ್ಣೆ ಉಜ್ಜಿ ಮೆದು ಮಾಡಿದೆ. ಐದು ಹುಡುಗರಿಗೆ ಐದು. ಒಂದು ಕೆಟ್ಟರೆ ಇರಲಿ ಎಂದು ಆರನೆಯದನ್ನೂ ಹೊಲಿದೆ. ಆಮೇಲೆ ಬಣ್ಣ. ಹರಳೆಣ್ಣೆಯ ದೀಪದ ಮೇಲೆ ಹಿತ್ತಾಳೆ ತಟ್ಟೆ ಕವುಚಿ ಮಸಿ ಹಿಡಿದೆ. ಕೊಬ್ಬರಿ ಎಣ್ಣೆಯಲ್ಲಿ ಕಲಸಿದರೆ ದೀಪದ ಕಾವಿಗೆ ಕರಗಿ ಕುತ್ತಿಗೆಗೆ ಇಳಿಯಿತು. ಜೇನುಮೇಣ ಸೇರಿಸಿದೆ, ಇಳಿಯುವುದು ನಿಂತಿತು, ಬಣ್ಣ ಸತ್ತ ಹಾಗೆ ಕಂಡಿತು. ಕೆಮ್ಮಣ್ಣನ್ನು ಮೂರು ಸಲ ಬಟ್ಟೆಯಲ್ಲಿ ಸೋಸಿ ಹಾಕಿದೆ. ಆಗ ಮುಖಕ್ಕೆ ಜೀವ ಬಂತು. ಆದರೂ ಎಲ್ಲೋ ತಪ್ಪಿದೆ ಅನ್ನಿಸುತ್ತಿತ್ತು. ಯಾವುದಕ್ಕೆ ಹೋಲಿಸಿ ನೋಡುವುದು ಎಂದು ಯೋಚಿಸುತ್ತಿದ್ದಾಗ ಡಮಾಮಿಯವನು ಬಾಗಿಲಲ್ಲಿ ಕಾಣಿಸಿದ. ತಾಲೀಮಿಗೆ ಬಂದಿದ್ದ.

"ಬಾರಪ್ಪ, ಸ್ವಲ್ಪ ಕೈ ಚಾಚು," ಅಂದೆ.

ಅವನು ಚಾಚಿದ. ಅಂಗಿಯ ತೋಳನ್ನು ನಾನೇ ಮೇಲೆ ಸರಿಸಿದೆ. ಕಿಟಕಿಯ ಬೆಳಕಿಗೆ ಅವನ ಮುಂಗೈ ತಿರುಗಿಸಿ, ಕಲಸಿದ್ದರಲ್ಲಿ ಒಂದು ಪಟ್ಟೆ ಎಳೆದೆ. ಎದ್ದು ಕಂಡಿತು. ತುಸು ಅರದಾಳದ ಹಳದಿ ಬೆರೆಸಿ ಪಕ್ಕದಲ್ಲಿ ಇನ್ನೊಂದು ಎಳೆದೆ. ನಾಲ್ಕನೆಯ ಪಟ್ಟೆ ಎಳೆದಾಗ ಅದು ಎಲ್ಲಿದೆ ಎಂದು ನನಗೇ ತಿಳಿಯಲಿಲ್ಲ. ಹುಡುಗರು ಸುತ್ತ ನಿಂತು ಚಪ್ಪಾಳೆ ಹೊಡೆದರು. "ಮೇಷ್ಟ್ರೆ, ಭಾಳ ಕರೆಕ್ಟ್!" ಅಂದ ಒಬ್ಬ. ನಾನು ಹಿಗ್ಗಿಹೋದೆ. ಡಬ್ಬಿಯ ಮುಚ್ಚಳದ ಒಳಗೆ ಪ್ರಮಾಣ ಬರೆದಿಟ್ಟೆ, ಮಸಿ ಇಷ್ಟು, ಕೆಮ್ಮಣ್ಣು ಇಷ್ಟು ಎಂದು.

ಅವನು ಹಿತ್ತಲಿಗೆ ಹೋಗಿ ಕೈ ತೊಳೆಯುತ್ತಿದ್ದ. ಎರಡು ಸಲ ಸೋಪು ಹಚ್ಚಿದ.

"ಸೋಪಿಗೆ ಹೋಗ್ತದಾ ಮೇಷ್ಟ್ರೆ ಇದು?"

"ಹೋಗ್ತದೆ, ಹೆದರಬೇಡ."

"ನನಗಲ್ಲ, ಹುಡುಗರಿಗೆ ಕೇಳಿದೆ. ಅವರಿಗೆ ಹೋಗದಿದ್ರೆ ಮನೇಲಿ ಬೈತಾರೆ."

ನಾನು ಅದನ್ನೂ ತಮಾಷೆ ಎಂದೇ ತಿಳಿದೆ.

ತಾಲೀಮಿನಲ್ಲಿ ಅವನು ಬಾರಿಸಿದಾಗ ಕೋಣೆಯ ಗಾಳಿಯೇ ಬದಲಾಯಿತು. ಒಂದು ಕೈಯ ಬೆರಳು ಮಾತಾಡಿದರೆ ಇನ್ನೊಂದು ಕೈಯ ಅಂಗೈ ಉತ್ತರ ಕೊಡುತ್ತಿತ್ತು. ಕೀಬೋರ್ಡಿನವನು ಮರುಳಾಗಿಹೋದ. "ಅಣ್ಣಾ, ಇದನ್ನ ನಿಧಾನಕ್ಕೆ ಒಂದು ಸಲ, ಜೋರಾಗಿ ಒಂದು ಸಲ ಬಾರಿಸು, ಕಲೀಬೇಕು ನಾನು," ಎಂದು ಟೇಪ್ ಹಚ್ಚಿಟ್ಟ. ಡಮಾಮಿಯವನು ಅರ್ಧ ತಾಸು ಸಂತೋಷದಿಂದ ಬಿಡಿಸಿ ಬಿಡಿಸಿ ಬಾರಿಸಿದ. ತನ್ನ ವಿದ್ಯೆಯನ್ನು ಕಲಿಸಿ ಎಂದು ಅವನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಶಿಕಾರಿಪುರದ ಕಾರ್ಯಕ್ರಮ ಭರ್ಜರಿಯಾಯಿತು. ನಮ್ಮ ಕಂಪನಿಯ ಕಾಲದ ಕಟ್ಟಳೆಯೊಂದನ್ನು ನಾನು ಬಿಟ್ಟಿರಲಿಲ್ಲ: ಬರಿ ಮುಖದಲ್ಲಿ ಯಾರೂ ರಂಗ ಹತ್ತಬಾರದು, ಬಣ್ಣದವನ ಬೆರಳು ಒಮ್ಮೆಯಾದರೂ ತಾಗಿರಬೇಕು. ಹುಡುಗರಿಗೆ ಕಪ್ಪು ಹಚ್ಚಿದೆ. ಡಮಾಮಿಯವನ ಹುಬ್ಬಿನ ನಡುವೆ ಇಂಗಳೀಕದ ಕೆಂಪಿನಲ್ಲಿ ಒಂದು ಗೀಟು ಎಳೆದು ಕಳಿಸಿದೆ. ಅವನು ಮೂಲೆಯಲ್ಲಿ ಕೂತು ಬಾರಿಸಿದ. ಹುಡುಗರು ಹಾರಿದರು. ಶುರುವಿಗೆ ಟೇಪಿನಲ್ಲಿ ಕಂಡ ಹಾಗೆಯೇ ಕುಣಿದರು. ಜನ ಶಿಳ್ಳೆ ಹೊಡೆದ ಕೂಡಲೇ ಒಬ್ಬ ಕಂಕುಳು ಕೆರೆದುಕೊಂಡು ಹೂ ಹೂ ಅಂದ. ಜನ ಬಿದ್ದು ಬಿದ್ದು ನಕ್ಕರು. ಅಷ್ಟೇ ಸಾಕಾಯಿತು; ಉಳಿದ ನಾಲ್ವರೂ ಮಂಗಗಳಾದರು. ಕೊರಿಯಾದ ಹುಡುಗರು ಹೀಗೆ ಮಾಡಿರಲಿಲ್ಲ. ಇದು ನಾವೇ ಸೇರಿಸಿದ್ದು. ಡಮಾಮಿಯವನ ಕೈ ಒಂದು ಕ್ಷಣ ತಪ್ಪಿತು, ಮತ್ತೆ ಕೂಡಿಕೊಂಡಿತು. ಮೈಕಿನಲ್ಲಿ ಅವನ ಹೆಸರು ಬರಲಿಲ್ಲ. ಟೈಮ್ ಆಗಿತ್ತು, ಶಿರಾಳಕೊಪ್ಪದಾಗೆ ನೋಡೋಣ ಅಂದರು ಮಾಲೀಕರು.

ಮರುದಿನ ಕಾಲೇಜಿನ ಉಪನ್ಯಾಸಕರೊಬ್ಬರು ಕ್ಯಾಸೆಟ್ ಅಂಗಡಿಗೆ ಬಂದರು. ಕೈಯಲ್ಲಿ ಇಂಗ್ಲಿಷ್ ಪತ್ರಿಕೆ, ಮುಖದಲ್ಲಿ ಸಿಟ್ಟು. ಡಮಾಮಿಯವನು ಮೆಟ್ಟಿಲ ಮೇಲೆ ಕೂತು ವಾದ್ಯದ ಹಗ್ಗ ಬಿಗಿ ಮಾಡುತ್ತಿದ್ದ.

"ಏನ್ರಿ ಇದು ನೀವು ಮಾಡಿದ್ದು? ಆ ಕೂದಲು, ಆ ಹಾಡು, ಎಲ್ಲ ಅಮೆರಿಕದ ಕರಿಯರು ನೂರಾರು ವರ್ಷ ನೊಂದು ಕಟ್ಟಿಕೊಂಡಿದ್ದು. ಕೊರಿಯಾದವರು ಅದನ್ನ ಫ್ಯಾಷನ್ ಮಾಡಿದ್ದೇ ತಪ್ಪೋ ಸರಿಯೋ ಅಂತ ಜನ ಜಗಳಾಡ್ತಾರೆ. ನೀವು ಅವರನ್ನೂ ಮೀರಿಸಿ ಮಸಿ ಬಳಿದ್ರಿ!"

ಮಾಲೀಕರು ಚಹಾ ತರಿಸಿದರು. "ಸರ್, ಕೊರಿಯಾದೋರು ಯಾರ ಅಪ್ಪಣೆ ಕೇಳಿದ್ರು? ಹಿಂದಿ ಸಿನಿಮಾದೋರು ಯಾರ ಅಪ್ಪಣೆ ಕೇಳ್ತಾರೆ? ಹಾಡು ಅಂದ್ರೆ ಗಾಳಿ ಇದ್ದಂಗೆ. ಸಂಗೀತಕ್ಕೆ ಜಾತಿ ಇಲ್ಲ."

"ಸಂಗೀತಕ್ಕೆ ಇಲ್ಲ, ಸರಿ. ಮುಖಕ್ಕೆ ಐತಲ್ರಿ! ಕೊರಿಯಾದೋರ ಕಥೆ ಬೇರೆ. ಅವರ ದೇಶದಾಗೆ ಅಮೆರಿಕದ ಸೈನ್ಯ ಕೂತಿತ್ತು, ಅದರ ರೇಡಿಯೋ ಜೊತೆಗೆ ಹಾಡೂ ಬಂತು. ಅವರೂ ದೊಡ್ಡವರ ಕಾಲ ಕೆಳಗಿದ್ದೋರೇ. ಆದ್ರೂ ಕಲಿಯೋದು ಬೇರೆ, ಅಣಕಿಸೋದು ಬೇರೆ."

"ನಾವೂ ಪ್ರೀತಿಯಿಂದಲೇ ಮಾಡಿದ್ದು ಸರ್. ಜನ ನಕ್ಕರೆ ಅದು ನಮ್ಮ ತಪ್ಪಾ?"

ಮುಕ್ಕಾಲು ಗಂಟೆ ವಾದ ನಡೆಯಿತು. ಅಮೆರಿಕ ಬಂತು, ಕೊರಿಯಾ ಬಂತು, ಆಫ್ರಿಕಾ ಬಂತು. ಉಪನ್ಯಾಸಕರ ಮಾತು ನ್ಯಾಯದ್ದೇ ಎಂದು ನನಗೆ ಒಳಗೊಳಗೇ ಚುಚ್ಚತೊಡಗಿತ್ತು. ಆದರೆ ಮೆಟ್ಟಿಲ ಮೇಲೆ ಕೂತಿದ್ದವನನ್ನು ಅವರೂ ಏನೊಂದೂ ಕೇಳಲಿಲ್ಲ. ಹೊರಡುವಾಗ ಅವನೇ ಎದ್ದು ನಿಂತು ಕೇಳಿದ, "ಸರ್, ಸೊರಬಕ್ಕೆ ಬರ್ತೀರಾ? ನೀವು ಒಂದು ಮಾತು ಹೇಳಿದ್ರೆ ಇವರು ನನ್ನ ಪದಕ್ಕೆ ಜಾಗ ಕೊಡ್ತಾರೆ." ಉಪನ್ಯಾಸಕರು ಗಡಿಯಾರ ನೋಡಿಕೊಂಡರು. ಪರೀಕ್ಷೆಯ ಕೆಲಸವಿದೆ, ಪತ್ರಿಕೆಗೆ ಬರೆಯುತ್ತೇನೆ ಅಂದರು. ಬರೆದರು ಕೂಡ. ವಾರಪತ್ರಿಕೆಯಲ್ಲಿ ಅದು ಅಚ್ಚಾದ ಮೇಲೆ ಇಂಥದೊಂದು ಡಾನ್ಸ್ ಇದೆಯೆಂದು ಸುತ್ತಲಿನ ಊರಿಗೆಲ್ಲ ತಿಳಿಯಿತು. ಶಿರಾಳಕೊಪ್ಪದಲ್ಲಿ ಕೂರಲು ಜಾಗವಿರಲಿಲ್ಲ.

ಅಲ್ಲಿ ನಾನು ಮಾಡಿದ ತಪ್ಪನ್ನು ಬಣ್ಣದವನು ಮಾತ್ರ ಮಾಡಬಲ್ಲ. ಸಂಜೆ ಆರರ ಹೊತ್ತಿಗೆ ಮಾಲೀಕರು ಬಣ್ಣದ ಕೋಣೆಗೆ ಬಂದು ಪಿಸುಗುಟ್ಟಿದರು. "ಮೇಷ್ಟ್ರೆ, ಲೈಟ್ ಬಿದ್ದಾಗ ಹುಡುಗರ ಮೈ ಹೊಳೀತದೆ, ಡಮಾಮಿಯವನದು ಹೊಳೆಯಲ್ಲ. ಒಬ್ಬನೇ ಬೇರೆ ಕಾಣ್ತಾನೆ. ಇವನಿಗೂ ಹಚ್ಚಿಬಿಡ್ರಿ."

ಥೂ ಅನ್ನಬೇಕಿತ್ತು. ನಾನು ಯೋಚಿಸಿದ್ದು ಬಣ್ಣದ ಲೆಕ್ಕ. ಎಣ್ಣೆ, ಮೇಣ ಕೂಡಿದ ಮೈ ದೀಪವನ್ನು ಹಿಡಿಯುತ್ತದೆ, ಬರಿ ಚರ್ಮ ಹಿಡಿಯುವುದಿಲ್ಲ. ಮಾಲೀಕರು ಹೇಳಿದ್ದು ಸರಿ ಅನ್ನಿಸಿತು. ಬರಿ ಮುಖದಲ್ಲಿ ರಂಗ ಹತ್ತಬಾರದೆಂಬ ಕಟ್ಟಳೆಯೂ ಇತ್ತಲ್ಲ. ಸ್ಟೂಲಿನ ಮೇಲೆ ಕೂರು ಎಂದು ಅವನಿಗೆ ಹೇಳಿದೆ.

"ನನಗೂ ಕಪ್ಪಾ ಮೇಷ್ಟ್ರೆ?" ಅವನು ನಕ್ಕ.

"ಎಲ್ಲ ಒಂದೇ ಥರ ಕಾಣ್ಬೇಕು ನೋಡು."

ಅವನು ನಗು ನಿಲ್ಲಿಸಿ ಕಣ್ಣು ಮುಚ್ಚಿದ. ಅವನದೇ ಕೈ ನೋಡಿ ಕಲಸಿದ ಬಣ್ಣವನ್ನು ಅವನ ಹಣೆಗೆ, ಕೆನ್ನೆಗೆ, ಕುತ್ತಿಗೆಗೆ ಹಚ್ಚಿದೆ. ಗುಂಗುರು ಕೂದಲನ್ನು ಒತ್ತಿ ಕೂರಿಸಿ ಮೇಲೆ ಪುಂಡಿ ನಾರಿನ ಟೋಪಿ, ಆ ಆರನೆಯದನ್ನು, ಎಳೆದೆ. ಬೆರಳಿಗೆ ಅವನ ರೆಪ್ಪೆ ಅದುರಿದ್ದು ತಾಗಿತು. ನಾನು ನಿಲ್ಲಿಸಲಿಲ್ಲ. ಕಿವಿಯ ಹಿಂದೆ ಬಿಟ್ಟುಹೋಗಿದ್ದನ್ನೂ ಮುಚ್ಚಿದೆ, ಕೆಲಸದಲ್ಲಿ ಕೊರತೆ ಇರಬಾರದು ನೋಡಿ.

ಮೊದಲ ಹಾಡಿಗೆ ನಾನು ಸಭೆಯ ಹಿಂದೆ ಹೋಗಿ ನಿಂತೆ. ಅಲ್ಲಿಂದ ನೋಡಿದರೆ ಡಮಾಮಿಯ ಹಿಂದಿನ ಮುಖ ಉಳಿದ ಐವರ ಮುಖದ ಹಾಗೆಯೇ ಇತ್ತು, ಅದು ಅವನದೇ ಎಂದು ಹೇಳಲಾಗಲಿಲ್ಲ. ನನ್ನ ಪಕ್ಕದಲ್ಲಿ ಮಾಲೀಕರು ನಿಂತಿದ್ದರು. ಅವರೂ ಅದನ್ನೇ ನೋಡುತ್ತಿದ್ದರು. ಮಾಲೀಕರು ಮೆಲ್ಲಗೆ ಅಂದರು, "ಯಾರು ಬಾರಿಸಿದ್ರೂ ಗೊತ್ತಾಗಲ್ಲ ಅಲ್ವೇನ್ರಿ?" ಅದು ನನ್ನ ಕೆಲಸಕ್ಕೆ ಸಿಕ್ಕ ಶಾಭಾಸ್‌ಗಿರಿ ಎಂದು ತಿಳಿದು ನಾನು ತಲೆಯಾಡಿಸಿದೆ. ಆ ದಿನವೂ ಮೈಕಿನಲ್ಲಿ ಹೆಸರು ಬರಲಿಲ್ಲ. ಮಿಲ್ಲಿನ ಹಮಾಲರು ತಮ್ಮವನನ್ನು ನೋಡಲೆಂದೇ ಬಂದು, ಗುರುತು ಸಿಗದೆ, ಅವನು ಇವತ್ತು ಬಂದಿಲ್ಲ ಎಂದು ಮಾತಾಡಿಕೊಂಡು ಹೋದರು.

ಸೊರಬಕ್ಕೆ ನಾವು ಮಧ್ಯಾಹ್ನವೇ ತಲುಪಿದೆವು. ಶಾಲೆಯ ಬಯಲಿನಲ್ಲಿ ವೇದಿಕೆ ಎದ್ದಿತ್ತು. ಡಮಾಮಿಯವನು ನಮಗಿಂತ ಮೊದಲು ಬಂದು ಮಗಳನ್ನು ಕಂಡು ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. "ಹಾಸ್ಟೆಲಿಗೆಲ್ಲ ಹೇಳಿಬಿಟ್ಟಿದ್ದಾಳೆ ಮೇಷ್ಟ್ರೆ, ಇವತ್ತು ನಮ್ಮಪ್ಪನ ಡಮಾಮಿ ಅಂತ. ಎರಡನೇ ಸಾಲಲ್ಲಿ ಕೂರ್ತಾರಂತೆ," ಅಂದ. ಅವನು ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ನಾಲ್ಕು ಗಂಟೆಗೆ ಮಾಲೀಕರು ಬಂದರು. ಅವನ ಮುಖ ನೋಡದೆ ಹೇಳಿದರು. "ತಮ್ಮಾ, ಇವತ್ತು ನಿಂಗೆ ಕೆಲಸ ಇಲ್ಲ. ತಾಲೂಕಿನೋರು ನಮಗೆ ಹದಿನೈದೇ ನಿಮಿಷ ಕೊಟ್ಟಾರೆ. ನಿನ್ನ ತಾಳ ಟೇಪಿನಿಂದ ಮೆಷಿನ್ನಿಗೆ ಹತ್ತಿಸಿದೀವಿ. ಕುಣಿಯೋರಾಗೆ ಒಬ್ಬ ನಿನ್ನ ಡಮಾಮಿ ಕಟ್ಕೊಂಡು ಹಾರ್ತಾನೆ, ಜನಕ್ಕೆ ಮಜಾ ಬರ್ತದೆ. ಅದನ್ನ ಇವತ್ತೊಂದಿನ ಕೊಡು. ನಿನ್ನ ಪದ ಮುಂದಿನ ವರ್ಷ ಇಟ್ಕೊಳ್ಳೋಣ."

"ಹೆಸರು?" ಅಂದ ಅವನು.

"ಬಾರಿಸದೋನ ಹೆಸರು ಹೆಂಗ್ ಹೇಳ್ಲೋ?"

ಅವನು ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ವಾದ್ಯವನ್ನು ನೆಲಕ್ಕಿಟ್ಟು ಬಯಲಿನತ್ತ ನೋಡಿದ. ಮಕ್ಕಳು ಆಗಲೇ ಜಮಖಾನೆ ಹಾಸುತ್ತಿದ್ದರು. ಡಮಾಮಿ ಕೊಡುವುದಿಲ್ಲ ಅಂದರೆ ಆ ವಾದ್ಯವೂ ಮಗಳ ಕಣ್ಣಿಗೆ ಬೀಳುವುದಿಲ್ಲ ಎಂದು ಯೋಚಿಸಿದನೇನೋ. ಕಡೆಗೆ ಕಾಲಿನಿಂದ ಅದನ್ನು ಹುಡುಗರ ಕಡೆ ಸ್ವಲ್ಪ ಸರಿಸಿದ.

ನನಗೆ ಮೈಯೆಲ್ಲ ಉರಿದುಹೋಯಿತು. ಶಿರಾಳಕೊಪ್ಪದಲ್ಲಿ ಮಾಲೀಕರು ಹೇಳಿದ ಮಾತಿನ ಅರ್ಥ ಆಗ ಹೊಳೆಯಿತು. ಅವನನ್ನು ಬಿಡಬಹುದು ಎಂದು ಅವರಿಗೆ ತೋರಿಸಿಕೊಟ್ಟವನೇ ನಾನು. ನನ್ನ ಪೆಟ್ಟಿಗೆಯ ಮುಚ್ಚಳ ಹಾಕಿದೆ. "ನಾನು ಇವತ್ತು ಯಾರಿಗೂ ಕಪ್ಪು ಹಚ್ಚಲ್ಲ. ಬೇಕಾದ್ರೆ ಬರಿ ಮುಖದಲ್ಲಿ ಹೋಗ್ಲಿ," ಅಂದೆ. ಮೂವತ್ತು ವರ್ಷದ ಕಸುಬಿನಲ್ಲಿ ಅಂಥ ಮಾತು ನನ್ನ ಬಾಯಿಂದ ಬಂದಿರಲಿಲ್ಲ.

ಮಾಲೀಕರು ನನ್ನನ್ನೇ ಒಂದು ಗಳಿಗೆ ನೋಡಿದರು. "ಆಗ್ಲಿ ಬಿಡ್ರಿ ಮೇಷ್ಟ್ರೆ, ನಿಮಗೆ ಮನಸ್ಸಿಲ್ಲದಿದ್ರೆ ಬ್ಯಾಡ. ಡಬ್ಬಿ ಇಲ್ಲೇ ಐತಲ್ಲ."

ಡಬ್ಬಿ ಹೊರಗೇ ಇತ್ತು. ಹುಡುಗರು ಬೆರಳು ಅದ್ದಿ ತಾವೇ ಹಚ್ಚಿಕೊಂಡರು. ಗೀರು ಬೀಳಲಿಲ್ಲ, ಪಟ್ಟೆ ಏಳಲಿಲ್ಲ. ಯಾರ ಕೈಯಲ್ಲೂ ಕೆಡದ ಹಾಗೆ ನಾನೇ ಹದ ಮಾಡಿಟ್ಟಿದ್ದೆ. ಆ ಡಬ್ಬಿಯನ್ನು ಎತ್ತಿ ಮಣ್ಣಿಗೆ ಸುರಿಯಬಹುದಿತ್ತು. ಎರಡು ಹೆಜ್ಜೆ ಮುಂದೆ ಹೋದೆ ಕೂಡ. ಒಂದು ವಾರದ ಕೆಲಸ ಕಣ್ಣಿಗೆ ಬಂತು, ಕೈ ಏಳಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ನಿರೂಪಣೆ ಮಾಡುವ ಶಾಲೆಯ ಮೇಷ್ಟರ ಬಳಿ ಓಡಿದೆ. "ಒಂದೇ ಒಂದು ಮಾತು ಹೇಳ್ರಿ, ಈ ತಾಳ ಸಿದ್ದಿಗಳದ್ದು, ಇಂಥವನದ್ದು ಅಂತ." ಅವರು ಒಳ್ಳೆಯ ಮನುಷ್ಯ. "ಚೀಟಿಯಲ್ಲಿ ಬರೆದಿದ್ದು ಬಿಟ್ಟು ಬೇರೆ ಹೇಳಿದ್ರೆ ನನ್ನ ಬೈತಾರೆ ಮಾರಾಯ್ರೆ, ಮುಂದೆ ಸಾಹೇಬ್ರು ಕೂತಿದ್ದಾರೆ," ಅಂದರು. ಚೀಟಿಯಲ್ಲಿ 'ಕೊರಿಯಾ ಡಾನ್ಸ್' ಎಂದಿತ್ತು. ಅದನ್ನೇ ಓದಿದರು.

ಆರೂವರೆಗೆ ಸ್ಪೀಕರಿನಿಂದ ಆ ತಾಳ ಹೊರಟಿತು. ಬೆರಳು ಕೇಳಿದ್ದಕ್ಕೆ ಅಂಗೈ ಉತ್ತರ ಕೊಡುವ ಅದೇ ತಾಳ. ನಾನು ಪರದೆಯ ಸಂದಿನಿಂದ ಎರಡನೇ ಸಾಲು ನೋಡಿದೆ. ಅವನ ಮಗಳನ್ನು ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಎಣ್ಣೆ ಹಾಕಿ ಬಿಗಿಯಾಗಿ ಎರಡು ಜಡೆ ಹೆಣೆದು ರಿಬ್ಬನ್ ಕಟ್ಟಿಕೊಂಡಿದ್ದಳು. ತಾಳ ಕೇಳಿದ ಕೂಡಲೇ ಮೊಣಕಾಲ ಮೇಲೆ ಎದ್ದು ಪಕ್ಕದವಳ ಭುಜ ಹಿಡಿದು ಅಲುಗಿಸಿ ಏನೋ ಹೇಳಿದಳು. ಆಮೇಲೆ ಐವರು ಹಾರುತ್ತ ಬಂದರು. ಡಮಾಮಿ ಕಟ್ಟಿಕೊಂಡವನು ಎಲ್ಲರಿಗಿಂತ ಮುಂದೆ ಬಂದು ಕಂಕುಳು ಕೆರೆದು, ಹಲ್ಲು ಕಿರಿದು, ನಾಲ್ಕು ಕಾಲಲ್ಲಿ ನಡೆದ. ಬಯಲಿಗೆ ಬಯಲೇ ನಕ್ಕಿತು. ಎರಡನೇ ಸಾಲಿನ ಮಕ್ಕಳು ಮೊದಲು ಅವನ ಕಡೆ, ಆಮೇಲೆ ಅವಳ ಕಡೆ ಕೈತೋರಿಸಿ ಹೂ ಹೂ ಅಂದರು. ಅವಳು ಮೆಲ್ಲಗೆ ಕೂತುಕೊಂಡಳು.

ಡಮಾಮಿಯವನು ಇದನ್ನು ನೋಡಲಿಲ್ಲ. ವೇದಿಕೆಯ ಹಿಂದೆ ಕಲ್ಲಿನ ಮೇಲೆ ಕೂತು ಸ್ಪೀಕರಿನ ತಾಳಕ್ಕೆ ತೊಡೆಯ ಮೇಲೆ ಬೆರಳಾಡಿಸುತ್ತಿದ್ದ.

ಹಾಡು ಮುಗಿದು ಹುಡುಗರು ನಲ್ಲಿಯ ಬಳಿ ಮುಖ ತಿಕ್ಕುತ್ತಿದ್ದಾಗ ಅವಳು ಒಬ್ಬಳೇ ಹಿಂದಕ್ಕೆ ಬಂದಳು. ಅಪ್ಪನ ಎದುರು ನಿಂತು ಅವನ ಬಿಳಿ ಅಂಗಿ ನೋಡಿದಳು, ಮುಖ ನೋಡಿದಳು.

"ಮೈಕಲ್ಲಿ ನಿನ್ನ ಹೆಸ್ರು ಹೇಳ್ಲೇ ಇಲ್ಲ."

"ಮರೆತ್ರು ಕಾಣ್ತದೆ ಮಗಾ."

"ಡಮಾಮಿ ಕಟ್ಕೊಂಡು ಮಂಗನ ಹಾಗೆ ಹಾರಿದ್ದು ನೀನಲ್ಲ ಅಲ್ವಾ? ಅವರೆಲ್ಲ ನೀನೇ ಅಂತಾರೆ."

ನನಗೆ ತಡೆಯಲಾಗಲಿಲ್ಲ. "ಅಲ್ಲ ಮಗೂ, ಅವನು ಬೇರೆ ಹುಡುಗ. ನಿಮ್ಮಪ್ಪ ಅಲ್ಲ," ಅಂದೆ.

ಅವಳು ನನ್ನತ್ತ ತಿರುಗಿದಳು. "ಬಾರಿಸಿದ್ದು ಅಪ್ಪನೇ. ನಂಗೆ ಗೊತ್ತು. ಹಾಗಾದ್ರೆ ಅಪ್ಪ ಎಲ್ಲಿದ್ದ?"

ಇವನನ್ನು ನಾವು ಬಿಟ್ಟುಬಿಟ್ಟೆವು, ಇವನಿಲ್ಲದೆಯೂ ನಮ್ಮ ಕೆಲಸ ನಡೆಯಿತು ಎಂದು ಆ ಮಗುವಿಗೆ ಯಾವ ಮಾತಿನಲ್ಲಿ ಹೇಳಲಿ? ತನ್ನನ್ನು ಬಿಟ್ಟರು ಎಂದು ಮಗಳಿಗೆ ತಿಳಿಯುವುದಕ್ಕಿಂತ ಏನಾದರೂ ಮೇಲು ಅನ್ನಿಸಿತೇನೋ, ಅಷ್ಟರಲ್ಲಿ ಅವನೇ ಕಲ್ಲಿನಿಂದ ಎದ್ದ.

"ನಾನೇ ಮಗಾ," ಅಂದ. "ಬಾರಿಸಿದ್ದೂ ನಾನೇ. ಹಾರಿದ್ದೂ ನಾನೇ."

ಅವಳು ಅವನನ್ನೇ ನೋಡಿದಳು. ಅಳಲಿಲ್ಲ. ಜಡೆಯ ರಿಬ್ಬನ್ ಬಿಚ್ಚಿ ಕೈಗೆ ಸುತ್ತಿಕೊಂಡಳು.

"ನಾನು ಟ್ರಂಕ್ ತರ್ತೇನೆ," ಅಂದು ಹಾಸ್ಟೆಲಿನ ಕಡೆ ನಡೆದಳು.

ಅವನು ಬೇಡ ಅನ್ನಲಿಲ್ಲ.